ಕುಂಡದೊಳಗಣ ಆಲ

ಹಳೆಯ ದೇವಾಲಯದ ಗೋಪುರದ ಸಂದಿನಲ್ಲಿಯೋ, ಪಾಳುಬಿದ್ದ ಮನೆಯ ಗೋಡೆಯ ಬಿರುಕಿನಲ್ಲಿಯೋ, ಸೇತುವೆಯ ಕಲ್ಲುಗಳ ನಡುವೆಯೋ ಬೇರೂರಿ ನಿಂತ ಅರಳಿಯ ಅಥವಾ ಆಲದ ಸಸಿಯನ್ನು ನೋಡದವರು ನಮ್ಮಲ್ಲಿ ವಿರಳ. ಅಲ್ಲಿ ಅದಕ್ಕೆ ಮಣ್ಣೆಂಬುದು ಒಂದು ಹಿಡಿಯಷ್ಟೂ ಇಲ್ಲ. ನೀರು ದೊರೆಯುವುದು ಮಳೆ ಬಂದಾಗ ಮಾತ್ರ. ಬೇಸಗೆಯಲ್ಲಿ ಸುತ್ತಲಿನ ಕಲ್ಲು ಕಾದು ಮುಟ್ಟಲಾರದಂತಾಗುವುದು. ಆದರೂ ಸಸಿ ಸಾಯುವುದಿಲ್ಲ. ಹಾಗೆಂದು ಹೆಚ್ಚು ಬೆಳೆಯುವುದೂ ಇಲ್ಲ. ಹಲವು ವರ್ಷ ಕಳೆದರೂ ಮೊಳದುದ್ದದ್ದು ಮೊಳದುದ್ದವೇ ಉಳಿಯುವುದುಂಟು. ಕಾಂಡ ಮಾತ್ರ ಗಂಟುಗಂಟಾಗಿ, ಎಲೆಗಳು ಕಿರಿದಾಗಿ, ಅದು ಮುದಿಮರವೊಂದರ ಪುಟ್ಟ ಪ್ರತಿರೂಪದಂತೆ ತೋರುವುದು. ಅದೇ ಜಾತಿಯ ಬೀಜ ಒಳ್ಳೆಯ ನೆಲದಲ್ಲಿ ಬೇರೂರಿದರೆ ಏನಾಗುವುದೆಂಬುದನ್ನು ಬೆಂಗಳೂರಿನ ಬಳಿಯ ಕೇತೋಹಳ್ಳಿಯಲ್ಲಿ ನೋಡಬಹುದು. ಅಲ್ಲಿಯ ದೊಡ್ಡ ಆಲದ ಮರ ಸುಮಾರು ೩ ಎಕರೆ ನೆಲವನ್ನು ಆವರಿಸಿದೆ.

ಮರವನ್ನು ತಟ್ಟೆಯಂತಹ ಕುಂಡದಲ್ಲಿ ಚಿಕ್ಕದಾಗಿಯೇ ಉಳಿಸಿ ಬೆಳೆಸುವ ಕಲೆಗೆ ಜಪಾನೀಯರು ಬೋನ್ಸಾಯ್ ಎನ್ನುವರು. ‘ಬೋನ್’ ಎಂದರೆ ಆಳವಿಲ್ಲದ ಕುಂಡ, ‘ಸಾಯ್’ ಎಂದರೆ ನೆಡುವಿಕೆ. ಕಲೆಯ ಮೂಲ ಚೀನಾದಲ್ಲಿದೆ. ಅದನ್ನು ಹದಗೊಳಿಸಿ ಪ್ರಪಂಚಕ್ಕೆ ಪರಿಚಯಿಸಿದವರು ಜಪಾನೀಯರು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳಲ್ಲಿ ಇಂತಹ ಕುಬ್ಜವೃಕ್ಷಗಳನ್ನು ನೋಡಿದವರಲ್ಲಿ ಕೆಲವರು ಮೆಚ್ಚುವರು. ಕೆಲವರು ‘ಮರಕ್ಕೆ ಇದೆಂತಹ ಹಿಂಸೆ!’ ಎಂದು ಮರುಗುವರು. ಆಲದ ಬಳಗದ ಮಟ್ಟಿಗಂತೂ ಈ ಮರುಕ ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಏಕೆಂದರೆ ಒಂದು ಹಿಡಿ ಮಣ್ಣಿನಲ್ಲಿ ಬಾಳು ಹೂಡುವುದು ಈ ಬಳಗದ ಹಲವು ಮರಗಳಿಗೆ ಪರಕೀಯವಾದ ಸ್ಥಿತಿಯಲ್ಲ. ಅದು ಅವುಗಳ ಸಹಜವಾದ ಬಾಲ್ಯ. ಬೇರೊಂದು ಮರದ ಕವಲಿನಲ್ಲಿ, ಕೊಳೆತ ಎಲೆಯೂ ಧೂಳೂ ಕೂಡಿದ ಚಿಕ್ಕ ಗುಳಿಯಲ್ಲಿ, ಇವುಗಳ ಬೀಜ ಮೊಳೆಯುವುದು. ಬೇರು ನೆಲವನ್ನು ಮುಟ್ಟುವವರೆಗೆ, ಕೆಲವೊಮ್ಮೆ ವರ್ಷಗಟ್ಟಲೆ, ಸಸಿ ಅಲ್ಲಿಯೇ ಅರೆಹೊಟ್ಟೆಯಲ್ಲಿ ಕಾಯುವುದು. ಕುಂಡದಲ್ಲಿ ನಾವು ಮಾಡುವುದೆಲ್ಲ ಈ ಕಾಯುವಿಕೆಯನ್ನು ಮುಂದುವರಿಸುವುದಷ್ಟೆ.

ಇದನ್ನು ಚೆನ್ನಾಗಿ ಅರಿಯಬೇಕಾದರೆ ರೆಂಬೆಯನ್ನು ನೆಟ್ಟು ಬೆಳೆಸುವುದಕ್ಕಿಂತ ಬೀಜದಿಂದ ಬೆಳೆಸುವುದು ಮೇಲು. ಬೇಗ ಗಿಡವಾಗಬೇಕೆಂಬುವರಿಗೆ ರೆಂಬೆಯೇ ಸುಲಭ, ಸಂದೇಹವಿಲ್ಲ. ಆಲದ ಹಸಿಕೊಂಬೆಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೆ ಚಿಗುರುವುದೆಂಬುದನ್ನು ನಮ್ಮ ರೈತರು ಬಹುಕಾಲದಿಂದ ಬಲ್ಲರು. ಬೀಜದ ದಾರಿ ನಿಧಾನವಾದದ್ದು. ಆದರೆ ಅದರಲ್ಲಿ ಒಬ್ಬ ವಿದ್ಯಾರ್ಥಿಗೆ ದೊರೆಯುವ ಪಾಠಗಳು ರೆಂಬೆಯ ದಾರಿಯಲ್ಲಿ ದೊರೆಯವು.

ಮೊದಲಿಗೆ ಒಂದು ಭ್ರಮೆಯನ್ನು ತೊಡೆದುಹಾಕಬೇಕು. ‘ಬೋನ್ಸಾಯ್ ಬೀಜ’ ಎಂಬ ಹೆಸರಿನ ಪೊಟ್ಟಣಗಳು ಮಾರಾಟಕ್ಕೆ ಬರುವುದುಂಟು. ಅಂತಹ ಬೀಜವೆಂಬುದು ಪ್ರಕೃತಿಯಲ್ಲಿ ಇಲ್ಲ. ಕುಬ್ಜತೆ ಬೀಜದಲ್ಲಿ ಅಡಗಿರುವ ಗುಣವಲ್ಲ. ಬೇರಿಗೆ ದೊರೆತ ಎಡೆ, ಕುಡಿಯನ್ನು ಚಿವುಟಿದ ರೀತಿ, ಇವುಗಳಿಂದ ಉಂಟಾದ ಪರಿಣಾಮ. ಐವತ್ತು ವರ್ಷದ ಕುಂಡದ ಆಲ ಹಣ್ಣು ಬಿಟ್ಟು, ಆ ಹಣ್ಣಿನ ಬೀಜವನ್ನು ಹೊಲದ ಬದುವಿನಲ್ಲಿ ಬೆಳೆಸಿದರೆ, ಅದು ಎಲ್ಲ ಆಲಗಳಂತೆಯೇ ಹೆಮ್ಮರವಾಗುವುದು. ಆದ್ದರಿಂದ ಬೀಜಕ್ಕಾಗಿ ಹಣ ತೆರಬೇಕಾಗಿಲ್ಲ. ಊರ ಕಟ್ಟೆಯ ಬಳಿಗೆ ಹೋದರೆ ಸಾಕು. ಆದರೆ ಯಾವ ಹಣ್ಣನ್ನು ಆರಿಸಬೇಕೆಂಬುದನ್ನು ತಿಳಿಯಲು ಹಣ್ಣಿನೊಳಗೆ ಒಮ್ಮೆ ಇಣುಕಬೇಕು.

ಹೂವು ಕಾಣದ ಮರ

ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಅಂಜೂರ ಇವೆಲ್ಲವೂ ಫೈಕಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಹಲಸು, ಹಿಪ್ಪುನೇರಳೆಗಳು ಇವುಗಳ ದೂರದ ನೆಂಟರು. ಪ್ರಪಂಚದಲ್ಲಿ ಫೈಕಸ್ ಕುಲದ ಏಳುನೂರಕ್ಕೂ ಮೇಲ್ಪಟ್ಟ ಜಾತಿಗಳಿವೆ. ಇವುಗಳ ಹೂವನ್ನು ಕಂಡವರಿಲ್ಲವೆಂದು ಜನ ಹೇಳುವರು. ಹೂವಿಲ್ಲದೆಯೇ ಹಣ್ಣು ಬಿಡುವ ಮರಗಳಿಗೆ ನಮ್ಮ ಪ್ರಾಚೀನರು ‘ವನಸ್ಪತಿ’ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ಅವರ ಕಣ್ಣಿಗೆ ಕಂಡದ್ದೇನೋ ಸರಿ. ಆದರೆ ಹೂವುಗಳು ಇಲ್ಲದೆ ಇಲ್ಲ. ನಾವು ಹಣ್ಣೆಂದು ಕರೆಯುವ ಉಂಡೆಯೇ ಒಂದು ಮುಚ್ಚಿದ ಹೂಗೊಂಚಲು. ಸೇವಂತಿಗೆಯ ತಟ್ಟೆಯನ್ನು ಚೀಲದಂತೆ ಒಳಮುಖವಾಗಿ ಮಡಿಸಿ ಬಾಯಿ ಬಿಗಿದರೆ ಹೇಗೋ ಹಾಗೆ. ಒಳಗೋಡೆಯ ಮೇಲೆ ನೂರಾರು ಪುಟ್ಟ ಹೂವುಗಳು ಕಿಕ್ಕಿರಿದಿರುವುವು. ತುದಿಯಲ್ಲಿ ಹುರುಪೆಗಳಿಂದ ಮುಚ್ಚಿದ ಸೂಜಿಮೊನೆಯಷ್ಟು ದ್ವಾರವೊಂದು ಉಂಟು.

ಈ ದ್ವಾರದಲ್ಲಿ ನುಸುಳಬಲ್ಲ ಜೀವಿ ಒಂದೇ: ಅಂಜೂರ ಕಣಜವೆಂದು ಹೆಸರಾದ, ಒಂದೆರಡು ಮಿಲಿಮೀಟರ್ ಉದ್ದದ ಕೀಟ. ಸಾಮಾನ್ಯವಾಗಿ ಪ್ರತಿಯೊಂದು ಫೈಕಸ್ ಜಾತಿಗೂ ಅದರದೇ ಆದ ಕಣಜವಿರುವುದು. ಆಲಕ್ಕೆ ಯುಪ್ರಿಸ್ಟೀನ ಮೇಸೋನಿ, ಅತ್ತಿಗೆ ಸೆರಟೋಸೋಲೆನ್ ಫ್ಯೂಸಿಸೆಪ್ಸ್, ಹೀಗೆ. ಹೆಣ್ಣು ಕಣಜ ಹುರುಪೆಗಳ ನಡುವೆ ನುಗ್ಗುವಾಗ ಅದರ ರೆಕ್ಕೆಗಳು ಕಳಚಿ ಹೊರಗೆ ಉಳಿಯುವುವು. ಒಳಹೊಕ್ಕ ಮೇಲೆ ಅದು ತಾನು ತಂದ ಪರಾಗವನ್ನು ಹೂವುಗಳಿಗೆ ಮುಟ್ಟಿಸಿ, ಕೆಲವು ಹೂವುಗಳ ಅಂಡಾಶಯದಲ್ಲಿ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುವುದು. ಮೊಟ್ಟೆ ಬಿದ್ದ ಹೂವು ಮರಿಯ ತೊಟ್ಟಿಲಾಗುವುದು. ಮೊಟ್ಟೆ ಬೀಳದೆ ಪರಾಗ ಮಾತ್ರ ದೊರೆತ ಹೂವು ಬೀಜವಾಗುವುದು. ಕೆಲವು ವಾರಗಳ ಬಳಿಕ ಮೊದಲು ರೆಕ್ಕೆಯಿಲ್ಲದ ಗಂಡು ಕಣಜಗಳು ಹೊರಬಿದ್ದು, ಹೆಣ್ಣುಗಳೊಡನೆ ಕೂಡಿ, ಉಂಡೆಯ ಗೋಡೆಯಲ್ಲಿ ರಂಧ್ರ ಕೊರೆಯುವುವು. ಅಷ್ಟು ಹೊತ್ತಿಗೆ ಸರಿಯಾಗಿ ಗಂಡು ಹೂವುಗಳು ಅರಳಿರುವುವು. ಹೆಣ್ಣುಗಳು ಆ ಪರಾಗವನ್ನು ಹೊತ್ತು ರಂಧ್ರದಿಂದ ಹಾರಿಹೋಗುವುವು. ಹೊರಗಿನ ಬೆಳಕಿನಲ್ಲಿ ಅವುಗಳ ಆಯುಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದೇ ಜಾತಿಯ ಇನ್ನೊಂದು ಮರವನ್ನು, ಅದೂ ಸರಿಯಾದ ಹದದಲ್ಲಿರುವ ಮರವನ್ನು, ಅವು ಹುಡುಕಬೇಕು.

ಹೊರಗೆ ಚೆಲುವು, ಒಳಗೆ ಹುಳು ಎಂಬುದಕ್ಕೆ ನಮ್ಮ ಹಿರಿಯರು ಅತ್ತಿಯ ಹಣ್ಣನ್ನು ನಿದರ್ಶನವಾಗಿ ಹೇಳುತ್ತಿದ್ದರು. ಆ ಹುಳುವಿನ ಪರವಾಗಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು: ಅದಿಲ್ಲದಿದ್ದರೆ ಅತ್ತಿಗೆ ಸಂತಾನವೇ ಇಲ್ಲ. ಎಲ್ಲ ಹುಳುಗಳೂ ಉಪಕಾರಿಗಳೆಂದಲ್ಲ. ಒಳಗೆ ಹೋಗದೆ ಹೊರಗಿನಿಂದಲೇ ಸೂಜಿಯಂತಹ ಅಂಗವನ್ನು ಗೋಡೆಗೆ ಚುಚ್ಚಿ ಮೊಟ್ಟೆಯಿಡುವ ಪರೋಪಜೀವಿ ಕಣಜಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೪ರಲ್ಲಿ ಅಂತಹದೊಂದು ಕಣಜವನ್ನು ಪರೀಕ್ಷಿಸಿ, ಆ ಸೂಜಿಯ ಮೊನೆ ಸತುವಿನ ಅಂಶದಿಂದ ಗಟ್ಟಿಯಾಗಿರುವುದನ್ನು ತೋರಿಸಿಕೊಟ್ಟರು. ಕೂದಲಿಗಿಂತ ತೆಳ್ಳಗಿನ ಬೈರಿಗೆಗೆ ಲೋಹದ ಮೊನೆ!

ಕಣಜವಿಲ್ಲದ ಕಡೆ ಹಣ್ಣಿದ್ದರೂ ಬೀಜ ಪೊಳ್ಳು. ಇದಕ್ಕೆ ಇತಿಹಾಸದಲ್ಲಿ ಒಳ್ಳೆಯ ಸಾಕ್ಷ್ಯಗಳಿವೆ. ಸ್ಮರ್ನಾ ಪ್ರದೇಶದ ಪ್ರಸಿದ್ಧ ಅಂಜೂರದ ಗಿಡಗಳನ್ನು ೧೮೮೦ರ ದಶಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಯ್ದು ನೆಟ್ಟರು. ಗಿಡಗಳು ಸೊಂಪಾಗಿ ಬೆಳೆದುವು. ಕಾಯಿಗಳೆಲ್ಲ ಎಳೆಯದಾಗಿರುವಾಗಲೇ ಉದುರಿದುವು. ೧೮೯೯ರಲ್ಲಿ ಕಣಜ ಅಲ್ಲಿ ನೆಲೆಗೊಂಡ ಮೇಲೆಯೇ ಬೆಳೆ ಕೈಗೆ ಬಂದದ್ದು. ಹವಾಯಿ ದ್ವೀಪಗಳಲ್ಲಿ ನೆಟ್ಟಿದ್ದ ಫೈಕಸ್ ಮೈಕ್ರೊಕಾರ್ಪ ಎಂಬ ಸಣ್ಣೆಲೆಯ ಜಾತಿಯ ಮರಗಳು ಮೊಳೆಯುವ ಬೀಜವನ್ನೇ ಕೊಡುತ್ತಿರಲಿಲ್ಲ. ಕಾಡು ಬೆಳೆಸಲು ಬೀಜ ಬೇಕಾಗಿದ್ದವರು ೧೯೩೮ರಲ್ಲಿ ಅದರ ಕಣಜವನ್ನು ತರಿಸಿಬಿಟ್ಟರು. ಬೀಜವೇನೋ ಬಂದಿತು, ಜೊತೆಗೆ ಕಟ್ಟಡ, ಸೇತುವೆ, ಇತರ ಮರಗಳ ಮೇಲೆಲ್ಲ ಸಸಿಗಳು ತಲೆಯೆತ್ತಿ, ಇಂದು ಅದು ಅಲ್ಲಿ ಕಳೆಯೆನಿಸಿದೆ. ನಮ್ಮ ತೋಟಗಳಲ್ಲಿ ಬೆಳೆಯುವ ಅಂಜೂರವಾದರೋ ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುವ ಬಗೆ. ತಿನ್ನುವಾಗ ಹಲ್ಲಿಗೆ ಸಿಕ್ಕುವ ಅದರ ಬೀಜಗಳು ಬಹುಮಟ್ಟಿಗೆ ಬರಿಯ ಚಿಪ್ಪುಗಳು. ಬಿತ್ತಿ ಕಾದರೆ ಫಲವಿಲ್ಲ.

ಹಣ್ಣನ್ನು ಆರಿಸುವುದು

ಆದಕಾರಣ ನಾವು ಆರಿಸಬೇಕಾದದ್ದು ಕಣಜ ಹೊಕ್ಕು ಹೊರಬಂದ ಹಣ್ಣನ್ನು. ಗುರುತು ಕಷ್ಟವಲ್ಲ. ಕುಟ್ರುಹಕ್ಕಿ, ಗೊರವಂಕ, ಕೋಗಿಲೆಗಳ ಗದ್ದಲ ಯಾವ ಮರದಲ್ಲಿ ಹೆಚ್ಚಾಗಿದೆಯೋ ಅಲ್ಲಿಯ ಹಣ್ಣು ಪಕ್ವವಾಗಿದೆಯೆಂದು ತಿಳಿಯಬೇಕು. ಕೆಳಗೆ ಬಿದ್ದ ಮೆತ್ತನೆಯ ಹಣ್ಣುಗಳಲ್ಲಿ ಸಣ್ಣ ದುಂಡುರಂಧ್ರವಿರುವುದನ್ನು ಹುಡುಕಬೇಕು. ಅದೇ ಕಣಜಗಳ ನಿರ್ಗಮನದ್ವಾರ. ಒಂದೇ ಮರದ ಹಣ್ಣಿಗಿಂತ ಎರಡು ಮೂರು ಮರಗಳ ಹಣ್ಣನ್ನು ತಂದು, ಬೇರೆಬೇರೆ ಕಾಗದದಲ್ಲಿ ಕಟ್ಟಿ, ಮರದ ಜಾತಿ, ಸ್ಥಳ, ದಿನಾಂಕಗಳನ್ನು ಬರೆದಿಡುವುದು ಉತ್ತಮ. ಮೊಳೆತ ಮೇಲೆ ಮೊದಲ ಎಲೆಗಳನ್ನು ನೋಡಿ ಜಾತಿಯನ್ನು ಹೇಳುವುದು ಅನುಭವಿಗಳಿಗೂ ಸುಲಭವಲ್ಲ.

ಹಣ್ಣನ್ನು ಬಿಡಿಸಿ, ತಿರುಳನ್ನು ಬಟ್ಟಲಿನ ನೀರಿನಲ್ಲಿ ಬೆರಳಿನಿಂದ ಚೆನ್ನಾಗಿ ಹಿಸುಕಿ, ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ನೋಡಿದರೆ ಪೊಳ್ಳುಬೀಜ, ಕಣಜದ ತೊಟ್ಟಿಲುಗಳು, ಸತ್ತ ಹುಳುಗಳು ಮೇಲೆ ತೇಲುತ್ತಿರುವುವು. ಗಟ್ಟಿಬೀಜಗಳು ತಳ ಸೇರಿರುವುವು. ತೇಲಿದ್ದನ್ನು ಬಸಿದು, ಉಳಿದದ್ದನ್ನು ತೆಳುವಾದ ಹಳೆಯ ಮಲ್ಲುಬಟ್ಟೆಯಲ್ಲಿ ಹಾಕಿ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಬೀಜದ ಸುತ್ತ ಅಂಟಾದ ಲೋಳೆಯೊಂದಿರುವುದು. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಕೊಂಬೆಗೂ ಗೋಡೆಗೂ ಕಚ್ಚಿಕೊಳ್ಳಲು ಅದೇ ನೆರವು. ಹಕ್ಕಿಯ ಅಥವಾ ಬಾವಲಿಯ ಕರುಳಿನಲ್ಲಿ ತಿರುಳು ಕಳಚುವ ಕೆಲಸವನ್ನೇ ನಾವು ಬಟ್ಟಲಿನಲ್ಲಿ ಮಾಡಿದಂತಾಯಿತು. ಎಲ್ಲ ಹಕ್ಕಿಗಳೂ ಈ ಉಪಕಾರ ಮಾಡುವುವೆಂದು ತಿಳಿಯಬಾರದು. ಹಸುರು ಪಾರಿವಾಳದ ಹೊಟ್ಟೆ ಬೀಸುವ ಕಲ್ಲಿನಂತೆ. ಅದು ಆಲದ ಬೀಜವನ್ನು ಅರೆದುಹಾಕುವುದು.

ತಳ ಸೇರಿದ ಬೀಜಗಳಲ್ಲಿ ಒಂದೆರಡನ್ನು ಪರೀಕ್ಷೆಗೆ ಬಳಸಬಹುದು. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿನಿಂದ ಆಲದ ಹಣ್ಣನ್ನು ತರಿಸಿ, ಬೀಜವನ್ನು ಒಡೆಯಿಸಿ, ಒಳಗೇನಿದೆಯೆಂದು ಕೇಳಿದ ಪ್ರಸಂಗವನ್ನು ಅನೇಕ ವಾಚಕರು ಬಲ್ಲರು. ಮಗನಿಗೆ ಏನೂ ಕಾಣಲಿಲ್ಲ. ಉಪನಿಷತ್ತಿನ ತಾತ್ಪರ್ಯ ಬೇರೆ; ಅದು ನಮ್ಮ ಚರ್ಚೆಗೆ ಸೇರಿದ್ದಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರವಿದ್ದರೆ ನಮಗೆ ಕಾಣುವುದು ಇಷ್ಟು: ತೆಳುವಾದ ಗಟ್ಟಿಚಿಪ್ಪು, ಅದರೊಳಗೆ ಸ್ವಲ್ಪ ಆಹಾರ, ಆಹಾರದ ನಡುವೆ ಕೊಂಕಿಯಂತೆ ಬಾಗಿದ ಬಿಳಿಯ ಭ್ರೂಣ. ಇದು ಕಂಡರೆ ಬೀಜ ಜೀವಂತವಾಗಿದೆಯೆಂದು ಆಶಿಸಬಹುದು. ಇಡೀ ಬೀಜದ ಗಾತ್ರ ಒಂದೆರಡು ಮಿಲಿಮೀಟರ್ ಮಾತ್ರವಾದ್ದರಿಂದ ಬ್ಲೇಡಿನಿಂದ ಸೀಳುವಾಗ ಬೆರಳನ್ನು ಕಾಪಾಡಿಕೊಳ್ಳಬೇಕು.

ಇನ್ನೊಂದು ಸಂಗತಿ. ಒಂದು ಹಣ್ಣಿನ ಬೀಜಗಳೆಲ್ಲ ಒಂದೇ ತೆರನಾಗಿರುವುವೆಂದು ಭಾವಿಸಬಾರದು. ತಾಯಿ ಎದುರಿಗಿರುವ ಮರ. ತಂದೆ ಯಾವ ಊರಿನಲ್ಲಿದೆಯೋ ಬಲ್ಲವರಿಲ್ಲ. ಆಫ್ರಿಕದ ನಮೀಬ್ ಮರುಭೂಮಿಯಲ್ಲಿ ಒಂದು ಜಾತಿಯ ಅತ್ತಿಮರಗಳನ್ನು ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಗಾಳಿಯನ್ನೇರಿದ ಕಣಜಗಳು ೧೬೦ ಕಿಲೋಮೀಟರ್ ದೂರದಿಂದ ಪರಾಗವನ್ನು ತಂದಿದ್ದುದು ಕಂಡುಬಂದಿತು. ಆದ್ದರಿಂದ ನಮ್ಮ ಕುಂಡದ ಸಸಿಗಳಲ್ಲಿ ಒಂದರ ಎಲೆ ಅಗಲ, ಒಂದರದು ಕಿರಿದು. ಒಂದು ಬೇಗ ಕವಲೊಡೆಯುವುದು, ಇನ್ನೊಂದು ಕೋಲಿನಂತೆ ಏರುವುದು. ರೆಂಬೆಯಿಂದ ಬೆಳೆಸಿದ ಗಿಡ ತಾಯಿಯ ಪಡಿಯಚ್ಚು. ಅದರಲ್ಲಿ ಆಯ್ಕೆಗೆ ಎಡೆಯಿಲ್ಲ. ಬೀಜದ ಸಸಿಗಳು ನಲವತ್ತಿದ್ದರೆ ಆಯ್ಕೆಯೂ ನಲವತ್ತು.

ಬಿತ್ತನೆ

ಬೀಜವನ್ನು ನೆರಳಿನಲ್ಲಿ ಕಾಗದದ ಮೇಲೆ ಒಂದೆರಡು ದಿನ ಒಣಗಿಸಿ ಕೂಡಲೇ ಬಿತ್ತುವುದು ಒಳ್ಳೆಯದು. ತಿಂಗಳುಗಟ್ಟಲೆ ಇಟ್ಟರೆ ಮೊಳೆಯುವ ಶಕ್ತಿ ಕುಂದುವುದು. ಆರು ಅಂಗುಲ ಅಗಲದ, ಆಳ ಕಡಿಮೆಯಿರುವ ಮಣ್ಣಿನ ಕುಂಡ ಸಾಕು. ತಳದ ತೂತಿನ ಮೇಲೆ ಹೆಂಚಿನ ಚೂರಿಟ್ಟು, ಜರಡಿ ಹಿಡಿದ ಇಟ್ಟಿಗೆಪುಡಿ, ದಪ್ಪಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವುಗಳನ್ನು ಸಮನಾಗಿ ಬೆರೆಸಿ ತುಂಬಬೇಕು. ಹೊಲದ ಜಿಗುಟುಮಣ್ಣನ್ನು ಹಾಕಕೂಡದು. ಬಿತ್ತುವುದಕ್ಕೆ ಮುಂಚೆ ಕುದಿಯುವ ನೀರನ್ನು ಮಿಶ್ರಣದ ಮೇಲೆ ಸುರಿದು ಆರಲು ಬಿಟ್ಟರೆ ಬೂಷ್ಟಿನ ಕಾಟ ಕಡಿಮೆಯಾಗುವುದು.

ಬೀಜವನ್ನು ಮೇಲ್ಗಡೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಮೇಲೆ ಮಣ್ಣು ಮುಚ್ಚಬಾರದು. ನಮ್ಮಲ್ಲಿ ಬೀಜವೆಂದರೆ ಹೂಳಬೇಕೆಂಬ ಅಭ್ಯಾಸ ಬಲವಾದದ್ದು. ಆಲದ ಬೀಜಗಳು ಹಾಳಾಗುವುದು ಹೆಚ್ಚಾಗಿ ಈ ಅಭ್ಯಾಸದಿಂದಲೇ. ಈ ಬಳಗದ ಬಹುತೇಕ ಬೀಜಗಳಿಗೆ ಮೊಳೆಯಲು ಬೆಳಕು ಬೇಕು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅವರೆಕಾಳಿನೊಳಗೆ ತಾಯಿ ಕಟ್ಟಿಕೊಟ್ಟ ಬುತ್ತಿ ದೊಡ್ಡದು. ಮೂರು ಅಂಗುಲ ಕೆಳಗಿಂದಲೂ ಅದು ಮೇಲೆದ್ದು ಬರಬಲ್ಲದು. ಆಲದ ಬೀಜದ ಬುತ್ತಿ ಒಂದು ತುತ್ತಿಗೂ ಸಾಲದು. ಕತ್ತಲೆಯಲ್ಲಿ ಮೊಳೆತರೆ ಬೆಳಕನ್ನು ತಲಪುವ ಮೊದಲೇ ಉಪವಾಸದಿಂದ ಸಾವು. ಆದ್ದರಿಂದ ಬೀಜದೊಳಗಿನ ಬೆಳಕುಗ್ರಾಹಿ ವರ್ಣದ್ರವ್ಯ ‘ಬೆಳಕಿದೆ’ ಎಂಬ ಸೂಚನೆ ಕೊಡುವವರೆಗೆ ಭ್ರೂಣ ಸುಮ್ಮನಿರುವುದು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಹಣ್ಣಿನ ಐವತ್ತೈವತ್ತು ಬೀಜಗಳನ್ನು ಎರಡು ಕುಂಡಗಳಲ್ಲಿ ಬಿತ್ತಿ, ಒಂದರ ಮೇಲೆ ಗಾಜಿನ ಹಲಗೆ, ಇನ್ನೊಂದರ ಮೇಲೆ ಬೆಳಕು ಸೋರದ ತಗಡಿನ ಮುಚ್ಚಳ ಇಟ್ಟು, ಒಂದು ತಿಂಗಳ ಕೊನೆಯಲ್ಲಿ ಎಣಿಸಬೇಕು. ಬಳಿಕ ತಗಡನ್ನು ತೆಗೆದು ಗಾಜನ್ನಿಟ್ಟು ಇನ್ನೊಂದು ತಿಂಗಳು ಕಾದರೆ ಉತ್ತರ ಪೂರ್ಣವಾಗುವುದು.

ನೀರನ್ನು ಮೇಲಿನಿಂದ ಸುರಿದರೆ ಬೀಜಗಳು ತೇಲಿ ಒಂದು ಮೂಲೆ ಸೇರುವುವು. ನೀರು ತುಂಬಿದ ತಟ್ಟೆಯಲ್ಲಿ ಕುಂಡವನ್ನು ಅರ್ಧ ಗಂಟೆ ಕೂರಿಸಿದರೆ ಕೆಳಗಿನಿಂದಲೇ ತೇವ ಏರುವುದು. ಇರುವೆಗಳ ಹಾವಳಿಯಿದ್ದರೆ ಕುಂಡವನ್ನು ಒಂದು ಇಟ್ಟಿಗೆಯ ಮೇಲಿಟ್ಟು, ಆ ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಡಬೇಕು. ನೇರ ಬಿಸಿಲು ಬೀಳದ, ಬೆಳಕು ಧಾರಾಳವಾಗಿರುವ ಜಗಲಿ ತಕ್ಕ ಸ್ಥಳ. ಬೆಚ್ಚನೆಯ ಕಾಲದಲ್ಲಿ ಹತ್ತು ಹದಿನೈದು ದಿನಗಳಿಂದ ಮೊಳಕೆಗಳು ತಲೆಯೆತ್ತತೊಡಗುವುವು. ಕೆಲವು ಎರಡು ತಿಂಗಳ ಬಳಿಕ ಏಳುವುದೂ ಉಂಟು. ಮೊದಲು ಕಾಣುವುದು ಸಾಸಿವೆಕಾಳಿನ ಅಗಲದ ಎರಡು ಬೀಜದೆಲೆಗಳು. ಅವನ್ನು ಕಂಡೊಡನೆ ಗಾಜನ್ನು ದಿನಕ್ಕಿಷ್ಟು ಓರೆಮಾಡುತ್ತ ಗಾಳಿಗೆ ಒಗ್ಗಿಸಬೇಕು. ತಡಮಾಡಿದರೆ ಬುಡ ಕೊಳೆತು ಸಸಿಗಳು ಸಾಲಾಗಿ ಮಲಗುವುವು. ಸಸಿಕೊಳೆಯೆಂಬ ಈ ಶಿಲೀಂಧ್ರರೋಗ ಒಂದು ರಾತ್ರಿಯಲ್ಲಿ ಇಡೀ ಕುಂಡವನ್ನು ನುಂಗಬಲ್ಲದು.

ಬೇರಿನ ಕೆಲಸ

ನಾಲ್ಕಾರು ನಿಜವಾದ ಎಲೆಗಳು ಮೂಡಿದಾಗ ಸಸಿಗಳನ್ನು ಒಂದೊಂದಾಗಿ ಬೇರೆ ಕುಂಡಗಳಿಗೆ ಸಾಗಿಸಬೇಕು. ಬೋನ್ಸಾಯಿಗೆ ತಳಹದಿ ಬೀಳುವುದು ಇಲ್ಲಿ. ಬೀಜದಿಂದ ಹುಟ್ಟಿದ ಸಸಿಗೆ ನೇರವಾಗಿ ಇಳಿಯುವ ತಾಯಿಬೇರು ಇರುವುದು. ಅದನ್ನು ಹಾಗೆಯೇ ಬಿಟ್ಟರೆ ಆಳವಿಲ್ಲದ ತಟ್ಟೆಯಲ್ಲಿ ಮರ ಎಂದಿಗೂ ಕೂರದು. ಚೂಪಾದ ಕತ್ತರಿಯಿಂದ ಅದರ ತುದಿಯ ಮೂರನೆಯ ಒಂದು ಭಾಗವನ್ನು ತೆಗೆದು, ಉಳಿದ ಬೇರುಗಳನ್ನು ಒಂದು ಚಪ್ಪಟೆ ಹೆಂಚಿನ ಚೂರಿನ ಮೇಲೆ ಚಕ್ರದ ಅರಗಳಂತೆ ಹರಡಿ ಮಣ್ಣು ಮುಚ್ಚಬೇಕು. ತುದಿ ಹೋದ ಬೇರು ಬದಿಯ ಬೇರುಗಳನ್ನು ಹೊಮ್ಮಿಸುವುದು. ಮೂರು ನಾಲ್ಕು ವರ್ಷಗಳ ಬಳಿಕ ಬುಡದಿಂದ ಸುತ್ತಲೂ ನೆಲವನ್ನು ಹಿಡಿದಂತೆ ಹಬ್ಬುವ ದಪ್ಪ ಬೇರುಗಳೇ ಕುಬ್ಜವೃಕ್ಷಕ್ಕೆ ಮುದಿತನದ ಗಾಂಭೀರ್ಯವನ್ನು ಕೊಡುವುವು. ರೆಂಬೆಯಿಂದ ಬೆಳೆಸಿದ ಗಿಡದ ಬೇರುಗಳು ಕತ್ತರಿಸಿದ ಬುಡದ ಒಂದೆರಡು ಕಡೆಯಿಂದ ಮಾತ್ರ ಹೊರಟು ಓರೆಯಾಗುವುದೇ ಹೆಚ್ಚು.

ಫೈಕಸ್ ಮೈಕ್ರೊಕಾರ್ಪದ ಬೀಜಸಸಿಗಳಲ್ಲಿ ಮತ್ತೊಂದು ವಿಶೇಷವಿದೆ. ಅವುಗಳ ಬೇರು ಗೆಡ್ಡೆಯಂತೆ ಊದಿಕೊಳ್ಳುವುದು. ಕವಲಿನ ಗುಳಿಯಲ್ಲಿ ಬಾಳುವ ಸಸಿಗೆ ಇದು ನೀರಿನ ಕೊಡವಿದ್ದಂತೆ. ಸಸ್ಯದಂಗಡಿಗಳಲ್ಲಿ ‘ಜಿನ್ಸೆಂಗ್ ಫೈಕಸ್’ ಎಂದು ಮಾರುವ, ದಪ್ಪಕಾಲುಗಳ ಮೇಲೆ ನಿಂತಂತಿರುವ ಗಿಡಗಳು ಇವೇ. ಬೀಜದಿಂದ ನೆಲದಲ್ಲಿ ಬೆಳೆಸಿ, ಗೆಡ್ಡೆ ಬಲಿತ ಮೇಲೆ ಕಿತ್ತು, ಬೇರನ್ನು ಮೇಲಕ್ಕೆತ್ತಿ ಕುಂಡಕ್ಕಿಟ್ಟವು. ಕೊಳ್ಳುವವರು ಅದನ್ನು ಕಾಂಡವೆಂದು ತಿಳಿಯುವರು.

ಯಾವ ಜಾತಿ ಬೋನ್ಸಾಯಿಗೆ ಒಳ್ಳೆಯದೆಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಎಲೆ ಚಿಕ್ಕದಾದಷ್ಟೂ ಕೆಲಸ ಸುಲಭ; ಆ ದೃಷ್ಟಿಯಿಂದ ಫೈಕಸ್ ಮೈಕ್ರೊಕಾರ್ಪವೇ ಮೊದಲನೆಯದು, ಬಸರಿ ಅದರ ನಂತರ. ಆಲದ ಎಲೆ ದೊಡ್ಡದು, ದಪ್ಪ. ಅರಳಿಯ ಎಲೆಗೆ ಉದ್ದವಾದ ತೊಟ್ಟು ಬೇರೆ. ಪುಟ್ಟ ಕಾಂಡದ ಮೇಲೆ ಅದು ಕೊಡೆ ಹಿಡಿದಂತೆ ಕಾಣುವುದು. ಅಲ್ಲದೆ ಅಶ್ವತ್ಥವನ್ನು ಕುಂಡದಲ್ಲಿಟ್ಟು ಕತ್ತರಿಸಲು ಮನೆಯ ಹಿರಿಯರು ಒಪ್ಪದಿರುವುದೂ ಉಂಟು. ಅವರೊಡನೆ ವಾದಕ್ಕಿಳಿಯದೆ ಬಸರಿಯನ್ನು ಆರಿಸುವುದು ಜಾಣತನ. ಅತ್ತಿ ಹೊಳೆದಂಡೆಯ ನೆಲದಲ್ಲಿಯೇ ಮೊಳೆಯುವ ಮರ, ನೀರನ್ನು ಹೆಚ್ಚು ಬೇಡುವುದು. ಆದರೂ ಮೊದಲ ಪ್ರಯೋಗಕ್ಕೆ ನಾವು ಆಲವನ್ನೇ ಸೂಚಿಸುವೆವು. ಅದು ಎಲ್ಲೆಡೆಯೂ ದೊರೆಯುವುದು, ತಪ್ಪುಗಳನ್ನು ಸಹಿಸುವುದು, ಮೇಲಾಗಿ ಬಿಳಲು ಬಿಡುವುದು.

ದಪ್ಪವಾಗಲು ಸ್ವಾತಂತ್ರ್ಯ

ಸಸಿಯನ್ನು ಮೊದಲ ದಿನದಿಂದಲೇ ಚಿಕ್ಕ ತಟ್ಟೆಯಲ್ಲಿಟ್ಟು ಚಿವುಟತೊಡಗಿದರೆ ಅದು ಕುಬ್ಜವೃಕ್ಷವಾಗುವುದಿಲ್ಲ. ಕುಬ್ಜ ಕಡ್ಡಿಯಾಗಿ ಉಳಿಯುವುದು. ಕಾಂಡ ದಪ್ಪವಾಗುವುದು ಎಲೆಗಳು ತಯಾರಿಸಿ ಕೆಳಗೆ ಕಳುಹಿಸುವ ಆಹಾರದಿಂದ. ಆ ಆಹಾರವನ್ನು ಬಳಸಿ ತೊಗಟೆಯ ಕೆಳಗಿನ ಕೇಂಬಿಯಮ್ ಪದರ ಹೊಸ ಮರವನ್ನು ಕಟ್ಟುವುದು. ಎಲೆಗಳೇ ಇಲ್ಲದಿದ್ದರೆ ಕಟ್ಟುವುದು ಯಾವುದರಿಂದ? ಆದ್ದರಿಂದ ಎರಡು ಮೂರು ವರ್ಷ ಸಸಿಯನ್ನು ದೊಡ್ಡ ಕುಂಡದಲ್ಲಿಯೋ ಹಿತ್ತಿಲ ನೆಲದಲ್ಲಿಯೋ, ಹೆಂಚಿನ ಚೂರು ಬುಡದಲ್ಲಿರುವಂತೆಯೇ, ಪೂರ್ಣ ಬಿಸಿಲಿನಲ್ಲಿ ಸ್ವೇಚ್ಛೆಯಾಗಿ ಬೆಳೆಯಲು ಬಿಡಬೇಕು. ಆಳೆತ್ತರ ಬೆಳೆದರೂ ಚಿಂತೆಯಿಲ್ಲ. ಕಾಂಡ ಹೆಬ್ಬೆರಳಿಗಿಂತ ದಪ್ಪವಾದಾಗ, ಮಳೆಗಾಲದ ಆರಂಭದಲ್ಲಿ, ಅದನ್ನು ಗೇಣೆತ್ತರಕ್ಕೆ ಕತ್ತರಿಸಬೇಕು. ತುದಿಯ ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಾಸಾಯನಿಕ ಕೆಳಗಿನ ಮೊಗ್ಗುಗಳನ್ನು ತಡೆದಿರಿಸಿರುವುದು. ಕುಡಿ ಹೋದೊಡನೆ ಆ ಮೊಗ್ಗುಗಳು ಎಚ್ಚರಗೊಂಡು ಕವಲುಗಳಾಗುವುವು. ಅವುಗಳಲ್ಲಿ ಒಂದನ್ನು ಹೊಸ ತುದಿಯನ್ನಾಗಿ ಇರಿಸಿಕೊಂಡು ಮತ್ತೆ ಬೆಳೆಸಿ ಮತ್ತೆ ಕತ್ತರಿಸಿದರೆ, ಬುಡ ದಪ್ಪವಾಗಿ ತುದಿಗೆ ಸಣ್ಣಗಾಗುತ್ತ ಹೋಗುವ ಮರದ ಆಕಾರ ಬರುವುದು.

ಕತ್ತರಿಸಿದೆಡೆ ಹಾಲು ಸುರಿಯುವುದು. ಅದು ಗಾಯವನ್ನು ಮುಚ್ಚುವ ಮರದ ಉಪಾಯ. ಒದ್ದೆ ಬಟ್ಟೆಯಿಂದ ಒರಸಿದರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುವುದು. ಕಣ್ಣಿಗೆ ತಾಗದಂತೆ ಎಚ್ಚರವಹಿಸಬೇಕು. ಕೆಲವರ ಚರ್ಮಕ್ಕೂ ಅದು ಆಗದು. ಕೊಂಬೆ ಬಾಗಿಸಲು ತಾಮ್ರದ ಅಥವಾ ಅಲ್ಯುಮಿನಿಯಂ ತಂತಿ ಸುತ್ತುವುದು ವಾಡಿಕೆ. ಆದರೆ ಈ ಮರಗಳು ಬೇಗ ದಪ್ಪವಾಗುವುದರಿಂದ ಕೆಲವೇ ವಾರಗಳಲ್ಲಿ ತಂತಿ ತೊಗಟೆಯನ್ನು ಕಚ್ಚಿ, ಉಳಿದ ಗುರುತು ವರ್ಷಗಟ್ಟಲೆ ಮಾಸದು. ವಾರಕ್ಕೊಮ್ಮೆ ನೋಡಲಾರದವರು ತಂತಿಯ ಗೋಜಿಗೆ ಹೋಗದೆ ಕತ್ತರಿಯಿಂದಲೇ ಆಕಾರ ಕೊಡುವುದು ಲೇಸು.

ಬೇಗ ದಪ್ಪಕಾಂಡ ಬೇಕೆಂಬುವರಿಗೆ ಈ ಬಳಗದಲ್ಲಿ ಒಂದು ಸಹಜವಾದ ಅಡ್ಡದಾರಿ ಇದೆ. ಇವುಗಳ ಬೇರುಗಳೂ ಕಾಂಡಗಳೂ ಒತ್ತಿ ನಿಂತರೆ ಒಂದಕ್ಕೊಂದು ಬೆಸೆದುಕೊಳ್ಳುವುವು. ಐದಾರು ಎಳೆಯ ಸಸಿಗಳನ್ನು ಒಟ್ಟಿಗೆ ಸೇರಿಸಿ ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿ ನೆಟ್ಟರೆ ಒಂದೆರಡು 
ವರ್ಷಗಳಲ್ಲಿ ತೊಗಟೆ ಒಂದಾಗಿ ಒಂದೇ ಮರವಾಗಿ ತೋರುವುವು. ಕಾಡಿನಲ್ಲಿಯೂ ಹೀಗೆ ನಡೆಯುವುದುಂಟು. ೧೯೯೧ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಪನಾಮಾ ದೇಶದ, ಇತರ ಮರಗಳನ್ನು ಅಪ್ಪಿ ಬೆಳೆಯುವ ಫೈಕಸ್ ಮರಗಳ ಬೇರೆಬೇರೆ ಕೊಂಬೆಗಳನ್ನು ಪರೀಕ್ಷಿಸಿದಾಗ, ಒಂದೇ ಮರವೆಂದು ಎಣಿಸಿದ್ದರಲ್ಲಿ ಹಲವು ಬೀಜಗಳ ಸಂತತಿ ಬೆಸೆದಿರುವುದು ಕಂಡಿತು. ನಮ್ಮ ಊರಿನ ಮುದಿ ಆಲಗಳಲ್ಲಿ ಎಷ್ಟು ಹೀಗೆ ಕೂಡುಕುಟುಂಬಗಳಾಗಿವೆಯೋ, ಯಾರಾದರೂ ಪರೀಕ್ಷಿಸಿದರೆ ಸ್ವಾರಸ್ಯವಾಗಿರುವುದು.

ತಟ್ಟೆಗೆ ಬಂದ ಮೇಲೆ

ಐದಾರನೆಯ ವರ್ಷದಲ್ಲಿ ಮರವನ್ನು ತಟ್ಟೆಗೆ ತರಬಹುದು. ಬೇರುಗಳಲ್ಲಿ ಮೂರನೆಯ ಒಂದು ಭಾಗವನ್ನು ಕತ್ತರಿಸಿ, ಅಷ್ಟೇ ಪ್ರಮಾಣದಲ್ಲಿ ಎಲೆಗಳನ್ನೂ ಕಡಿಮೆಮಾಡಿ, ಎರಡು ವಾರ ನೆರಳಿನಲ್ಲಿಡಬೇಕು. ಮುಂದೆ ಎರಡು ವರ್ಷಕ್ಕೊಮ್ಮೆ ಇದೇ ಕೆಲಸ. ಎಲೆಯ ಗಾತ್ರ ತಾನಾಗಿಯೇ ಇಳಿಯುವುದು. ಇನ್ನೂ ಇಳಿಸಬೇಕಾದರೆ, ಗಿಡ ಪುಷ್ಟವಾಗಿರುವ ಬೆಚ್ಚನೆಯ ಕಾಲದಲ್ಲಿ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿದರೆ ಬರುವ ಹೊಸ ಎಲೆಗಳು ಚಿಕ್ಕವಾಗಿರುವುವು. ಸೊರಗಿದ ಗಿಡದ ಮೇಲೆ ಇದನ್ನು ಮಾಡಿದರೆ ಅದು ಸಾಯುವುದು. ಹಣ್ಣು ಮಾತ್ರ ಎಂದಿಗೂ ಕಿರಿದಾಗದು. ಗೇಣುದ್ದದ ಮರದಲ್ಲಿ ಪೂರ್ಣಗಾತ್ರದ ಕೆಂಪು ಹಣ್ಣು ಕುಳಿತಾಗ ನೋಟ ಸ್ವಲ್ಪ ಹಾಸ್ಯಾಸ್ಪದವೇ ಸರಿ. ಕಣಜಗಳಿಗೆ ಅದರ ಪರಿವೆಯಿಲ್ಲ, ಸಮೀಪದಲ್ಲಿದ್ದರೆ ಅವು ಬಂದೇ ಬರುವುವು.

ಬಿಳಲು ಬಿಡಲು ಗಾಳಿಯಲ್ಲಿ ತೇವ ಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ಅವು ತಾವಾಗಿಯೇ ಇಳಿಯುವುವು. ಬಯಲುಸೀಮೆಯವರು ಎಳೆಯ ಬಿಳಲಿನ ಸುತ್ತ ಸೀಳಿದ ಹೀರುಗೊಳವೆಯೊಂದನ್ನು ತೊಡಿಸಿ, ಅದರೊಳಗೆ ಒದ್ದೆಯಾದ ಹಾವಸೆಯನ್ನು ತುರುಕಿ, ಕೆಳತುದಿ ಮಣ್ಣನ್ನು ಮುಟ್ಟುವಂತೆ ಇಡಬೇಕು. ಬಿಳಲು ಮಣ್ಣನ್ನು ಹಿಡಿದೊಡನೆ ದಪ್ಪವಾಗತೊಡಗುವುದು. ಬಿಳಲಿನ ಬಲವೇನೆಂಬುದಕ್ಕೆ ಕಲ್ಕತ್ತೆಯ ಬಳಿ ಹೌರಾದ ಸಸ್ಯೋದ್ಯಾನದಲ್ಲಿರುವ ಮಹಾ ಆಲವೇ ಸಾಕ್ಷಿ. ರೋಗ ಹತ್ತಿದ ಅದರ ಮೂಲಕಾಂಡವನ್ನು ೧೯೨೫ರಲ್ಲಿ ಕಡಿದು ತೆಗೆದರು. ಬಿಳಲುಗಳ ಮೇಲೆ ಅದು ಇನ್ನೂ ಹಬ್ಬುತ್ತಿದೆ.

ಬೀಜದ ಶ್ರಮವೇಕೆ, ಗೋಡೆಯ ಮೇಲಿನ ಸಸಿಯನ್ನೇ ಕಿತ್ತು ತರಬಾರದೇ ಎಂದು ಯಾರಾದರೂ ಕೇಳಿಯಾರು. ಸ್ವಂತ ಮನೆಯ ಕಾಂಪೌಂಡಿನ ಮೇಲಿನ ಎಳೆಯ ಸಸಿಯನ್ನು ಬೇರುಸಹಿತ ತರುವುದು ಮನೆಗೂ ಹಿತ, ಸಸಿಗೂ ಹಿತ. ಕಾಂಡವನ್ನಷ್ಟೇ ಮುರಿದರೆ ಒಳಗುಳಿದ ಬೇರು ಮತ್ತೆ ಚಿಗುರಿ, ದಪ್ಪವಾಗುತ್ತ ಗೋಡೆಯನ್ನು ಸೀಳುವುದು. ಆದರೆ ಪುರಾತನ ದೇವಾಲಯ, ಕೋಟೆಗಳ ಮೇಲಿನದಕ್ಕೆ ಕೈಹಾಕಕೂಡದು. ಅಲ್ಲಿ ಬೇರು ಕಲ್ಲಿನ ಸಂದುಗಳಲ್ಲಿ ಹೆಣೆದುಕೊಂಡಿರುವುದರಿಂದ ಎಳೆದರೆ ಕಲ್ಲೇ ಸಡಲಿಬರುವುದು. ಅದು ಸಂರಕ್ಷಣೆಯಲ್ಲಿ ಪಳಗಿದವರ ಕೆಲಸ. ಅಂತಹ ಸಸಿ ಕಂಡರೆ ಸಂಬಂಧಪಟ್ಟ ಇಲಾಖೆಗೆ ಬರೆದು ತಿಳಿಸುವುದಷ್ಟೇ ನಮ್ಮ ಪಾಲಿನದು.

ನಲವತ್ತು ಸಸಿಗಳಲ್ಲಿ ಕುಂಡಕ್ಕೆ ನಾವು ಇರಿಸಿಕೊಳ್ಳುವುದು ನಾಲ್ಕೋ ಐದೋ. ಉಳಿದವನ್ನು ಎಸೆಯಬೇಕಾಗಿಲ್ಲ. ಎರಡು ವರ್ಷ ಚೀಲಗಳಲ್ಲಿ ಬೆಳೆಸಿ, ಮುಂಗಾರು ಹಿಡಿದೊಡನೆ ಗೋಮಾಳದಲ್ಲಿ ಅಥವಾ ಕೆರೆಯ ಅಂಗಳದಾಚೆ, ಮನೆ, ಬಾವಿ, ಕೆರೆಯ ಏರಿ, ನೀರಿನ ಕೊಳವೆಗಳಿಂದ ದೂರವಾಗಿ ನೆಟ್ಟು, ಆಡುಕುರಿಗಳು ಮೇಯದಂತೆ ಸುತ್ತಲೂ ಜಾಲಿಮುಳ್ಳನ್ನು ಕಟ್ಟಬೇಕು. ನೆಡುವಾಗ ಇವುಗಳ ತಾಯಿಬೇರನ್ನು ಮುಟ್ಟಬಾರದು.